ಅನುಮತಿ ಇಲ್ಲದ ಪೆಟ್ಟಿಗೆ

ತಂಗಿಯನ್ನು ಕೊಂದ ಪೆಟ್ಟಿಗೆಯನ್ನು ಪಾಸು ಮಾಡಿದವನು ಅವನೇ. ಇದನ್ನು ಯಾರೂ ಅವನ ಮುಖದೆದುರು ಹೇಳಲಿಲ್ಲ. ನೆಂಟರು ಒಳ್ಳೆಯವರು, ಬೆನ್ನ ಹಿಂದೆ ಹೇಳಿಕೊಂಡರು.

ಆ ಊರಿನಲ್ಲಿ ಯಾರೇ ಮನೆಗೆ ಕರೆಂಟ್ ಕಾರಿನ ಚಾರ್ಜರ್ ಹಾಕಿಸಿದರೂ ಮೊದಲು ಕಚೇರಿಗೆ ಅರ್ಜಿ ಕೊಡಬೇಕು. ಕಚೇರಿಯಿಂದ ಒಬ್ಬರು ಬಂದು, ಗೋಡೆಯ ಪೆಟ್ಟಿಗೆ ಬಿಚ್ಚಿ, ಅರ್ತಿಂಗ್ ಸರಿಯಿದೆಯೇ, ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಟ್ರಿಪ್ಪರ್ ಇದೆಯೇ, ತಂತಿ ನಡೆದಾಡುವ ದಾರಿಗೆ ಅಡ್ಡ ಬರುತ್ತದೆಯೇ ಎಂದೆಲ್ಲ ನೋಡಿ ಸರಿ ಎಂದ ಮೇಲೆಯೇ ಚಾರ್ಜರಿಗೆ ಜೀವ. ಹಾಗೆ ಬಂದು ನೋಡುವವರು ಕಚೇರಿಯಲ್ಲಿ ಮೂವರಿದ್ದರು, ಅವರಲ್ಲಿ ಇವನೊಬ್ಬ. ನೋಡಿ ಮುಗಿದ ಮೇಲೆ ಮುಚ್ಚಳದ ತಿರುಪುಗಳನ್ನು ಬಿಗಿದು, ಪ್ರತಿ ತಿರುಪಿನ ತಲೆಯಿಂದ ಮುಚ್ಚಳದ ಮೇಲಕ್ಕೆ ಬಣ್ಣದ ಒಂದು ಗೆರೆ ಎಳೆಯುವುದು ಅವರ ಪದ್ಧತಿ. ಆಮೇಲೆ ಯಾರಾದರೂ ತಿರುಪು ಅಲ್ಲಾಡಿಸಿದರೆ ಗೆರೆ ತುಂಡಾಗಿ ಸಿಕ್ಕಿಬೀಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಇವನದು ಹಳದಿ. ಹೀಗಾಗಿ ಕೆಲಸಗಾರರ ಬಾಯಲ್ಲಿ ಇವನು ಹಳದಿ ಸಾಹೇಬ್ರು, ಜೊತೆಯವಳು ನೀಲಿ ಮೇಡಂ, ಇನ್ನೊಬ್ಬ ಬರೀ ಕೆಂಪಣ್ಣ. ಸ್ವಂತ ಹೆಸರುಗಳು ಸಂಬಳದ ದಿನ ಮಾತ್ರ ಬೇಕಾಗುತ್ತಿದ್ದವು.

ಸಾವಿನ ಮನೆಯಲ್ಲಿ ತಂಗಿಯ ಮಗಳು ಅವನ ಪಕ್ಕ ಬಂದು ಕೂತಳು. ನಾಲ್ಕನೇ ಕ್ಲಾಸಿನ ಹುಡುಗಿ. ಅಂಗಿಯ ತೋಳು ಹಿಡಿದು ಮೆಲ್ಲಗೆ ಕೇಳಿದಳು.

“ಮಾಮ, ಅದು ನೀನು ನೋಡಿದ್ದೇ ಅಲ್ವಾ? ಅಮ್ಮ ಹೇಳ್ತಿದ್ದಳು, ಮಾಮ ನೋಡಿದಾನೆ, ಅದಕ್ಕೆ ಭಯ ಇಲ್ಲ ಅಂತ.”

“ಹೂಂ ಪುಟ್ಟಿ, ನಾನೇ ನೋಡಿದ್ದು.”

ಅಲ್ಲಿಂದಾಚೆ ಅವನಿಗೆ ಏನೂ ಅನ್ನಿಸಲಿಲ್ಲ. ಅಳು ಬರಲಿಲ್ಲ, ಬರಲಿ ಎಂದು ಕಾದು ಕೂತರೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ಕೆನ್ನೆ ನಮ್ಮದಲ್ಲದ ಹಾಗೆ ಇರುತ್ತದಲ್ಲ, ಅವನ ಇಡೀ ಮೈ ಹಾಗಿತ್ತು. ಅಪ್ಪ ಅಮ್ಮ ಬೇಗ ಹೋದಾಗ ಆ ತಂಗಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದವನು, ಅವಳ ಮದುವೆ ಮುಗಿಸಿ ತಾನು ಮದುವೆಯಾಗುವುದನ್ನೇ ಮರೆತವನು, ಈಗ ಅವಳ ಫೋಟೋದ ಧೂಳು ಒರೆಸುವಾಗ ಗಾಜಿನಲ್ಲಿ ಗೀರು ಬಿದ್ದಿದೆಯೇ ಎಂದು ನೋಡುತ್ತಿದ್ದ. ಕೈಗಳು ಮಾತ್ರ ಅವನನ್ನು ಕೇಳದೆ ತಮ್ಮ ಪಾಡಿಗೆ ದುಡಿಯುತ್ತಿದ್ದವು. ಬಾಗಿಲಿಗೆ ಬೀಗ ಹಾಕಿದ್ದು ನೆನಪಾಗದೆ ಅರ್ಧ ದಾರಿಯಿಂದ ವಾಪಸು ಬಂದರೆ ಬೀಗ ಹಾಕಿರುತ್ತಿತ್ತು. ಹಲ್ಲುಜ್ಜಿದೆನೋ ಇಲ್ಲವೋ ಎಂದು ಹೋಗಿ ನೋಡಿದರೆ ಬ್ರಷ್ ಒದ್ದೆಯಾಗಿರುತ್ತಿತ್ತು.

ತಂಗಿಯ ಮನೆ ಇದ್ದದ್ದು ಒಂದು ಹೊಸ ಬಡಾವಣೆಯಲ್ಲಿ. ಒಂದೇ ಅಚ್ಚಿನ ಮನೆಗಳು, ಒಂದೇ ಅಚ್ಚಿನ ಗೇಟುಗಳು. ಹೊಸ ಬಡಾವಣೆ ಕಟ್ಟುವವರು ಪ್ರತಿ ಮನೆಗೂ ಚಾರ್ಜರಿನ ವ್ಯವಸ್ಥೆ ಮಾಡಿಕೊಟ್ಟೇ ಮಾರಬೇಕು ಎಂಬ ನಿಯಮ ಬಂದಿದ್ದರಿಂದ ಆ ಕೆಲಸವೆಲ್ಲ ಒಬ್ಬನೇ ಕಂಟ್ರಾಕ್ಟರನ ಕೈಗೆ ಬಿದ್ದಿತ್ತು. ಆ ಕಂಟ್ರಾಕ್ಟರ್ ನಗುಮುಖದ ಮನುಷ್ಯ. ಕಚೇರಿಗೆ ಬಂದರೆ ಜವಾನನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರ ಮನೆಯವರ ಆರೋಗ್ಯ ವಿಚಾರಿಸುತ್ತಿದ್ದ. ಅವನ ಚಳಕ ಇವನಿಗೆ ತಿಳಿದದ್ದು ತಡವಾಗಿ, ಅವನ ಹತ್ತಿರ ಜಗಳ ಮಾಡಿ ಕೆಲಸ ಬಿಟ್ಟ ಒಬ್ಬ ಎಲೆಕ್ಟ್ರಿಷಿಯನ್ ಬಾಯಿಂದ. ಸಾಕ್ಷಿ ಹೇಳಲು ಮಾತ್ರ ಆ ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. ಒಳ್ಳೆಯ ಟ್ರಿಪ್ಪರುಗಳು ಅವನ ಹತ್ತಿರ ಇದ್ದದ್ದು ಕೆಲವೇ ಕೆಲವು. ತಪಾಸಣೆಯ ಮುನ್ನಾದಿನ ಅವನ್ನು ಆ ಸಾಲಿನ ಮನೆಗಳಿಗೆ ಕೂರಿಸುವುದು, ಹಳದಿ ಸಾಹೇಬರು ನೋಡಿ ಗೆರೆ ಎಳೆದು ಹೋದ ಮೇಲೆ ಬಿಚ್ಚಿ ಮುಂದಿನ ಸಾಲಿಗೆ ಒಯ್ಯುವುದು, ಬಿಚ್ಚಿದ ಜಾಗಕ್ಕೆ ಕಡ್ಡಿಪೆಟ್ಟಿಗೆಯಂಥ ಕಳಪೆ ಮಾಲು ಹಾಕುವುದು. ತುಂಡಾದ ಗೆರೆಯನ್ನು ಒರೆಸಿ, ಅಂಗಡಿಯಿಂದ ತಂದ ಹಳದಿ ಬಣ್ಣದಿಂದ ಹೊಸ ಗೆರೆ ಎಳೆಯುವುದು.

ತಂಗಿ ಹೋದ ಮಾರನೆಯ ದಿನದಿಂದ ಕಂಟ್ರಾಕ್ಟರ್ ಬಡಾವಣೆಯ ಎಲ್ಲ ಮನೆಗಳಿಗೂ ಉಚಿತ ಸರ್ವಿಸ್ ಮಾಡಿಸಿದ. “ಜನ ಹೆದರಿದಾರೆ ಪಾಪ, ಅವರಿಗೊಂದು ಧೈರ್ಯ ಬೇಕು” ಎಂದ. ವಿಚಾರಣೆಯವರು ಬರುವ ಹೊತ್ತಿಗೆ ಎಲ್ಲ ಪೆಟ್ಟಿಗೆಗಳಲ್ಲೂ ಒಳ್ಳೆಯ ಟ್ರಿಪ್ಪರ್ ಬಂದು ಕೂತಿತ್ತು, ತಂಗಿಯ ಪೆಟ್ಟಿಗೆಯಲ್ಲೂ. ಬಡಾವಣೆಯವರು ಅವನಿಗೆ ಕೈ ಮುಗಿದರು. ಒದ್ದೆ ಕೈಯಲ್ಲಿ ಮುಟ್ಟಿದ್ದರಿಂದ ಆದ ಅನಾಹುತ ಎಂದು ವಿಚಾರಣೆ ಮುಗಿಯಿತು. ತಪ್ಪೆಲ್ಲ ಸತ್ತವಳ ತಲೆಗೆ.

ಗೆರೆ ಮಾತ್ರ ಇವನಿಗೆ ಗುಟ್ಟು ಹೇಳಿತ್ತು. ಇವನ ಕೈಯ ಗೆರೆ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಓರೆಯಾಗಿ ಏರಿ, ಕೊನೆಯಲ್ಲಿ ಪೆನ್ನು ಎತ್ತುವ ಮುಂಚೆ ಒಂದು ಚುಕ್ಕೆಯಾಗಿ ನಿಲ್ಲುತ್ತದೆ. ಬೇಕೆಂದು ಮಾಡಿದ್ದಲ್ಲ, ಕೈಗೆ ಅಂಟಿಕೊಂಡ ಚಾಳಿ. ತಂಗಿಯ ಪೆಟ್ಟಿಗೆಯ ಮೇಲಿನ ನಾಲ್ಕು ಗೆರೆಗಳಿಗೂ ಚುಕ್ಕೆ ಇರಲಿಲ್ಲ. ಅವನು ದೊಡ್ಡ ಸಾಹೇಬರ ಕೋಣೆಗೆ ಹೋಗಿ ಹೇಳಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ಒಂದು ಚುಕ್ಕೆ ಇಲ್ಲ ಅಂತ ಒಬ್ಬ ಮನುಷ್ಯನ್ನ ಜೈಲಿಗೆ ಕಳಿಸೋಕಾಗುತ್ತೇನ್ರಿ?”

“ಅದು ನನ್ನ ಕೈಯಲ್ಲ ಸಾರ್.”

“ನೀವು ಹಾಗಂತೀರಿ. ಅಂಗಡಿಯಲ್ಲಿ ಯಾರಿಗೆ ಬೇಕಾದ್ರೂ ಸಿಗೋ ಬಣ್ಣ ಅದು. ಯಾರು ಎಳೆದ್ರು ಅಂತ ಹೇಗೆ ಹೇಳ್ತೀರಿ?”

ಮಾತು ಅಲ್ಲಿಗೆ ಮುಗಿಯಿತು. ಆದರೂ ಸಾಹೇಬರು ಸುಮ್ಮನೆ ಕೂರುವವರಲ್ಲ. ಕೆಲವು ವಾರಗಳಲ್ಲಿ ಎರಡು ಬದಲಾವಣೆಗಳಾದವು. ಇನ್ನು ಮೇಲೆ ಚಾರ್ಜರಿನಿಂದ ಸಾವಾದರೆ ಆ ಭಾಗದ ತಪಾಸಣೆಯವರ ಜೊತೆಗೆ ಇನ್ನೊಬ್ಬರೂ ಹೋಗಬೇಕು. ಮತ್ತೆ, ಅಂಗಡಿಯ ಬಣ್ಣ ಬಂದ್, ಮೂವರಿಗೂ ಹೊಸ ಪೆನ್ನು. ಎಲ್ಲಿಂದಲೋ ತರಿಸಿದ ವಿಶೇಷ ಶಾಯಿ, ಎಳೆದಾಗ ನೀರು ಸವರಿದ ಹಾಗೆ ಕಂಡು ಒಣಗಿದ ಮೇಲೆ ಮಾಯವಾಗುತ್ತದೆ, ಕಚೇರಿಯವರ ಹತ್ತಿರವಿರುವ ನೇರಳೆ ಟಾರ್ಚ್ ಬಿಟ್ಟರೆ ಮಾತ್ರ ಅವರವರ ಬಣ್ಣದಲ್ಲಿ ಹೊಳೆಯುತ್ತದೆ. ಕಣ್ಣಿಗೆ ಕಾಣದ ಗೆರೆಯನ್ನು ಯಾವ ಕಂಟ್ರಾಕ್ಟರ್ ನಕಲು ಮಾಡುತ್ತಾನೆ? “ಇದು ನಿಮ್ಮಿಂದಾನೇ ಆಗಿದ್ದು” ಎಂದು ನೀಲಿ ಮೇಡಂ ಅವನ ಭುಜ ತಟ್ಟಿದಳು. ತಂಗಿ ಸತ್ತದ್ದಕ್ಕೆ ಲೋಕದಲ್ಲಿ ಆದ ವ್ಯತ್ಯಾಸ ಇಷ್ಟು. ಮರೆಯದಿರಲಿ ಎಂದು ಅವನು ಆ ಪೆನ್ನನ್ನು ಸ್ಕ್ರೂಡ್ರೈವರಿನ ಹಿಡಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಕೊಂಡ. ಒಂದು ವಾರ ಕೈಗೆ ಅಡ್ಡ ಬಂತು, ಆಮೇಲೆ ಅದು ಇದೆ ಎಂಬುದೇ ಮರೆತುಹೋಯಿತು.

ಕೊಲ್ಲುವ ಯೋಚನೆ ಬಂದದ್ದು ಸಿಟ್ಟಿನಿಂದಲ್ಲ. ಸಿಟ್ಟು ಬಂದಿದ್ದರೆ ಅವನು ಬಹುಶಃ ಕೂಗಾಡಿ, ಕೊರಳಪಟ್ಟಿ ಹಿಡಿದು, ಒಂದೆರಡು ಏಟು ತಿಂದು ಸುಮ್ಮನಾಗುತ್ತಿದ್ದ. ಒಂದು ದಿನ ತಪಾಸಣೆಗೆ ಹೋಗುವಾಗ ಕಂಟ್ರಾಕ್ಟರನ ಮನೆಯ ಮುಂದೆ ಹಾದುಹೋದ. ಕಾಂಪೌಂಡಿನ ಒಳಗೆ, ಕಾರು ನಿಲ್ಲಿಸುವ ಜಾಗದ ಗೋಡೆಯ ಮೇಲೆ ಚಾರ್ಜರ್ ಕಂಡಿತು, ಅದರ ಕೆಳಗೆ ಪೆಟ್ಟಿಗೆ. ಈ ಬೀದಿ ತನ್ನ ಭಾಗದ್ದು, ಇಲ್ಲಿ ಪಾಸಾದ ಪ್ರತಿ ಪೆಟ್ಟಿಗೆಯೂ ಅವನಿಗೆ ಗೊತ್ತು. ಇದು ಗೊತ್ತಿರಲಿಲ್ಲ. ಊರಿಗೆಲ್ಲ ಚಾರ್ಜರ್ ಹಾಕುವವನು ತನ್ನ ಮನೆಯದಕ್ಕೆ ಅನುಮತಿಯನ್ನೇ ಕೇಳಿರಲಿಲ್ಲ. ಬೈಕ್ ನಿಲ್ಲಿಸದೆ ಮುಂದೆ ಹೋದ. ರಸ್ತೆಯ ಕೊನೆ ಮುಟ್ಟುವಷ್ಟರಲ್ಲಿ ಯೋಚನೆ ಪೂರ್ತಿಯಾಗಿ, ಕೈಕಾಲು ಮೂಡಿ, ತಲೆಯಲ್ಲಿ ಕೂತಿತ್ತು.

ಅನುಮತಿ ಇಲ್ಲದ ಪೆಟ್ಟಿಗೆ. ಯಾರೂ ನೋಡದ ಪೆಟ್ಟಿಗೆ. ಅಂಥದ್ದರಲ್ಲಿ ಏನಾದರೂ ಎಡವಟ್ಟಾಗಿ ಮನೆಯ ಯಜಮಾನನೇ ಸತ್ತರೆ ಜನ ಏನು ಹೇಳುತ್ತಾರೆ? ಮಾಡಿದ್ದುಣ್ಣೋ ಅನ್ನುತ್ತಾರೆ. ಕಚೇರಿ ಏನು ಮಾಡುತ್ತದೆ? ಆ ಭಾಗದ ತಪಾಸಣೆಯವನನ್ನು ಕಳಿಸಿ, ಏನಾಯಿತೆಂದು ಬರೆದುಕೊಡು ಅನ್ನುತ್ತದೆ. ಆ ಭಾಗದ ತಪಾಸಣೆಯವನು ಇವನೇ. ಕೊಂದವನೇ ಬಂದು ಬಗ್ಗಿ ನೋಡಿ, ಇದು ಆಕಸ್ಮಿಕ ಎಂದು ಸಹಿ ಹಾಕುವ ಅವಕಾಶ ಎಷ್ಟು ಕೊಲೆಗಾರರಿಗೆ ಸಿಗುತ್ತದೆ? ಜೊತೆಗೆ ಬರುವ ಇನ್ನೊಬ್ಬರು ನೀಲಿ ಮೇಡಂ ಆಗಲಿ ಕೆಂಪಣ್ಣನಾಗಲಿ, ಅವರಿಗೆ ಕಾಣುವುದು ಕಳಪೆ ಟ್ರಿಪ್ಪರ್, ಸಡಿಲ ಅರ್ತಿಂಗ್. ಆ ಕಂಟ್ರಾಕ್ಟರನ ಬಗ್ಗೆ ಅವರಿಗೂ ಗುಮಾನಿ ಇದ್ದೇ ಇತ್ತು.

ಸಿಕ್ಕಿಬೀಳಬಾರದು ಎಂಬುದೊಂದೇ ಅವನಿಗೆ ಮುಖ್ಯವಾಗಿತ್ತು, ಅದೂ ತನಗಾಗಿ ಅಲ್ಲ. ತಂಗಿ ಹೋದ ಮೇಲೆ ಭಾವ ಆ ಬಡಾವಣೆಯ ಮನೆಗೆ ಬೀಗ ಹಾಕಿ, ಮಗಳನ್ನು ಕರೆದುಕೊಂಡು ಇವನ ಮನೆಯ ಮಹಡಿಗೆ ಬಂದಿದ್ದ. ಭಾವನದು ಕಾರ್ಖಾನೆಯ ಶಿಫ್ಟ್ ಕೆಲಸ. ಶಾಲೆ ಬಿಟ್ಟು ಬರುವ ಪುಟ್ಟಿಗೆ ಬಾಗಿಲು ತೆಗೆಯುವವನು ಮಾಮ. ಅವಳು ಬೆಲ್ ಒತ್ತುವುದಿಲ್ಲ, ಕೈಯಲ್ಲಿ ಬಾಗಿಲು ತಟ್ಟುತ್ತಾಳೆ. ಅಮ್ಮ ಹೋದ ದಿನದಿಂದ ಆ ಮಗು ಮನೆಯ ಒಂದು ಸ್ವಿಚ್ಚನ್ನೂ ಮುಟ್ಟಿಲ್ಲ. ಕತ್ತಲಾದರೆ ಕತ್ತಲಲ್ಲೇ ಕೂತಿರುತ್ತಾಳೆ. “ಮಾಮ, ಲೈಟ್ ಹಾಕ್ತೀಯಾ?” ಎಂದು ಕರೆಯುತ್ತಾಳೆ, ಅವನು ಹೋಗಿ ಹಾಕುತ್ತಾನೆ. ತಾನು ಜೈಲಿಗೆ ಹೋದರೆ ಆ ಮನೆಯಲ್ಲಿ ಲೈಟ್ ಹಾಕುವವರಿಲ್ಲ. ಹಾಗಾಗಿ ಅವನು ಅವಸರ ಮಾಡಲಿಲ್ಲ.

ಕಂಟ್ರಾಕ್ಟರನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಹೆಂಡತಿಗೆ ಡ್ರೈವಿಂಗ್ ಬರುವುದಿಲ್ಲ, ಮಂಡಿ ನೋವಿನ ಹೆಂಗಸು, ಮೆಟ್ಟಿಲಿಳಿದು ಕಾರಿನ ಹತ್ತಿರ ಬರುವುದೂ ಕಡಿಮೆ. ಕಾರಿನ ಆರೈಕೆ ಅವನದೇ. ಭಾನುವಾರ ಬೆಳಿಗ್ಗೆ ಬರಿಗಾಲಲ್ಲಿ, ಪೈಪ್ ಹಿಡಿದು, ಹಾಡು ಗುನುಗುತ್ತಾ ಕಾರು ತೊಳೆಯುತ್ತಾನೆ. ತೊಳೆಯುವಾಗ ಚಾರ್ಜಿಂಗ್ ನಡೆಯುತ್ತಲೇ ಇರುತ್ತದೆ. ಹಾಗೆ ಮಾಡಬೇಡಿ ಎಂದು ಊರಿಗೆಲ್ಲ ಹೇಳುವವನೇ ಅವನು. ಗೇಟಿನ ಕಡೆ ಕ್ಯಾಮೆರಾ ಇದೆ, ಅದು ರಸ್ತೆ ನೋಡುತ್ತದೆ. ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ, ಎರಡರ ನಡುವಿನ ಗೋಡೆ ಸೊಂಟದೆತ್ತರ. ಹೊಸ ಮನೆಯ ಗೋಡೆಗೆ ಸಾರಣೆ ಆಗುವ ಮೊದಲೇ ಚಾರ್ಜರಿನ ತಂತಿಗೆ ಪೈಪ್ ಹಾಕಿದ್ದಾರೆಯೇ ಎಂದು ಕಚೇರಿಯವರು ಹೋಗಿ ನೋಡಬೇಕು, ಅದೂ ನಿಯಮವೇ. ಅಂದರೆ ಪಕ್ಕದ ಸೈಟಿಗೆ ಹೋಗಲು ಅವನಿಗೆ ಸರ್ಕಾರಿ ಕಾರಣವೇ ಇತ್ತು. ಬೇಕಾದ್ದು ಒಂದು ಖಾಲಿ ಮಧ್ಯಾಹ್ನ. ಅದನ್ನು ಕಂಟ್ರಾಕ್ಟರನೇ ತಂದುಕೊಟ್ಟ.

“ಶುಕ್ರವಾರ ನನ್ನ ಸೈಟ್ ಇಟ್ಕೋಬೇಡಿ ಸಾರ್” ಎಂದು ಕಚೇರಿಯಲ್ಲಿ ಅವನ ಮೇಜಿನ ಮುಂದೆ ನಿಂತು ಹೇಳಿದ. “ಮನೆಯವಳ ಕಡೆ ಮದುವೆ. ಬೆಳಿಗ್ಗೆ ಹೋದ್ರೆ ಸಂಜೆಗೇ ಬರೋದು.”

“ಸರಿ, ಸೋಮವಾರ ನೋಡೋಣ.”

“ಆಯ್ತು ಸಾರ್. ಮತ್ತೆ, ಆ ಮಗು ಹೇಗಿದೆ? ಪಾಪ, ನೆನೆಸ್ಕೊಂಡ್ರೆ ಊಟ ಸೇರಲ್ಲ ನನಗೆ.”

“ಚೆನ್ನಾಗಿದಾಳೆ.”

“ಏನ್ಮಾಡೋದು ಸಾರ್, ಹಣೆಬರಹ. ನಮ್ಮ ಕೈಲೇನಿದೆ?”

ಅವನು ಹೋದ ಮೇಲೆ ಮೇಜಿನ ಮೇಲೆ ಅವನ ಅಂಗೈಯ ಬೆವರಿನ ಗುರುತು ಉಳಿದಿತ್ತು. ಇವನು ಅದು ಆರುವವರೆಗೂ ನೋಡುತ್ತ ಕೂತ.

ಹೊಸ ಉಪಕರಣ ಕೊಳ್ಳಬಾರದು ಎಂದು ಅವನು ಮೊದಲೇ ತೀರ್ಮಾನಿಸಿದ್ದ. ಕೊಂಡರೆ ಅಂಗಡಿಯವನೊಬ್ಬನಿಗೆ ಮುಖ ನೆನಪಿರುತ್ತದೆ. ದಿನಾ ಬಳಸುವ ಸ್ಕ್ರೂಡ್ರೈವರಿಗಿಂತ ಅಮಾಯಕ ವಸ್ತು ಇನ್ನೊಂದಿಲ್ಲ. ಕೈಗೆ ಕೆಲಸದ ರಬ್ಬರ್ ಗವಸು, ಅದೂ ದಿನದ್ದೇ. ಕಚೇರಿಯ ಮೂಲೆಯಲ್ಲಿ, ತಪಾಸಣೆಯಲ್ಲಿ ಫೇಲಾದ ಸಾಮಾನುಗಳನ್ನು ಎಸೆಯುವ ಡಬ್ಬಿಯಿತ್ತು. ಅದರಿಂದ ಒಂದು ಕೆಟ್ಟ ಟ್ರಿಪ್ಪರನ್ನು ಗುರುವಾರವೇ ಚೀಲಕ್ಕೆ ಹಾಕಿಕೊಂಡ. ಆ ಡಬ್ಬಿಯಲ್ಲಿ ಏನಿದೆ ಏನಿಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಹಂಬಲವೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಊರಿನ ಇನ್ನೊಂದು ತುದಿಯಲ್ಲಿ ಮಾಮೂಲಿ ತಪಾಸಣೆಗಳು. ಒಂದು ಅಪಾರ್ಟ್‌ಮೆಂಟಿನಲ್ಲಿ ಅಸೋಸಿಯೇಷನ್ ಅಧ್ಯಕ್ಷರು ಕೆಳಗೆ ಬಂದು, ನಮ್ಮ ಅನುಮತಿ ಇಲ್ಲದೆ ಬಾಡಿಗೆಯವರು ಚಾರ್ಜರ್ ಹೇಗೆ ಹಾಕಿಸುತ್ತಾರೆ ಎಂದು ಕೂಗಾಡಿದರು. ಅಸೋಸಿಯೇಷನ್ನಿಗೆ ಬೇಡ ಎನ್ನುವ ಹಕ್ಕಿಲ್ಲ, ತಂತಿ ಎಲ್ಲಿ ಹಾಯಬೇಕೆಂದು ಹೇಳುವ ಹಕ್ಕಷ್ಟೇ ಇದೆ ಎಂದು ಅವನು ತಿಳಿಸಿ ಹೇಳಿದ. ಅಷ್ಟು ತಾಳ್ಮೆಯಿಂದ ಹೇಳಿದನೆಂದರೆ ಅಧ್ಯಕ್ಷರು ಕೊನೆಗೆ ನೀರು ತರಿಸಿಕೊಟ್ಟರು. ಪೆಟ್ಟಿಗೆ ನೋಡಿದ, ಮುಚ್ಚಿದ, ತಿರುಪು ಬಿಗಿದ, ಗೆರೆ ಎಳೆದ. ಮುಂದಿನದು. ಅದರ ಮುಂದಿನದು. ಮಧ್ಯಾಹ್ನದ ಹೊತ್ತಿಗೆ ಕಂಟ್ರಾಕ್ಟರನ ಪಕ್ಕದ ಸೈಟಿಗೆ ಬಂದ.

ಮೇಸ್ತ್ರಿ ಪೈಪುಗಳನ್ನು ತೋರಿಸಿದ. ಸರಿಯಾಗಿದ್ದವು. “ಊಟಕ್ಕೆ ಹೋಗ್ತೀವಿ ಸಾರ್, ನೀವು ನೋಡ್ಕೊಂಡು ಹೋಗಿ” ಎಂದು ಆಳುಗಳನ್ನು ಕರೆದುಕೊಂಡು ಹೊರಟ. ಸಿಮೆಂಟಿನ ಚೀಲಗಳ ಹಿಂದೆ ಗೋಡೆ ಸೊಂಟದೆತ್ತರಕ್ಕಿತ್ತು. ದಾಟಿದ. ಗುಂಡಿಗೆ ಹೊಡೆದುಕೊಳ್ಳಬಹುದು ಎಂದು ನಿರೀಕ್ಷಿಸಿದ್ದ, ಹೊಡೆದುಕೊಳ್ಳಲಿಲ್ಲ. ಇದೂ ಇನ್ನೊಂದು ಮನೆ, ಇನ್ನೊಂದು ಪೆಟ್ಟಿಗೆ.

ಮುಚ್ಚಳ ತೆಗೆದು ನೋಡಿದ. ಒಳಗಿನ ಕೆಲಸ ನೋಡಿದರೆ ಕಣ್ಣು ತುಂಬಬೇಕು, ಅಷ್ಟು ಚೆನ್ನಾಗಿತ್ತು. ಒಳ್ಳೆಯ ಟ್ರಿಪ್ಪರ್, ಬೆರಳಿನಷ್ಟು ದಪ್ಪದ ಅರ್ತಿಂಗ್ ತಂತಿ, ಒಂದು ಎಳೆಯೂ ಆಚೆ ಈಚೆ ಇಲ್ಲದ ಜೋಡಣೆ. ಈ ಮನುಷ್ಯನಿಗೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ಯಾವುದು ಸರಿ, ಯಾವುದು ತಪ್ಪು, ಯಾವುದರಿಂದ ಜೀವ ಹೋಗುತ್ತದೆ, ಎಲ್ಲ ಗೊತ್ತಿತ್ತು. ತನ್ನ ಮನೆಗೆ ಸರಿಯಾಗಿ ಮಾಡಿಕೊಂಡಿದ್ದ. ತಪಾಸಣೆಗೆ ಬಂದಿದ್ದರೆ ಈ ಪೆಟ್ಟಿಗೆಯನ್ನು ಇವನು ಎರಡು ಮಾತಿಲ್ಲದೆ ಪಾಸು ಮಾಡುತ್ತಿದ್ದ.

ಆಮೇಲೆ ಅವನು ಏನು ಮಾಡಿದ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂಗಿಯ ಪೆಟ್ಟಿಗೆಯಲ್ಲಿ ಏನಾಗಿತ್ತೋ ಅದೇ ಇಲ್ಲೂ ಆಯಿತು, ಕಡಿಮೆಯಿಲ್ಲ, ಹೆಚ್ಚೂ ಇಲ್ಲ. ಕೈಗಳು ಸದ್ದಿಲ್ಲದೆ ಕೆಲಸ ಮಾಡಿದವು. ಮನಸ್ಸು ಅಷ್ಟರಲ್ಲಿ ಪುಟ್ಟಿಯ ಈಜುಡುಗೆಯ ಕಡೆ ಹೋಗಿತ್ತು. ಭುಜದ ಹತ್ತಿರ ಬಿಗಿಯಾಗುತ್ತಿದೆ ಎಂದು ಹೋದ ವಾರವೇ ಹೇಳಿದ್ದಳು. ಅಳತೆ ಯಾವುದು ಕೇಳಬೇಕು, ಹತ್ತು ವರ್ಷದವರದೋ ಹನ್ನೆರಡರದೋ? ಅಮ್ಮನಾಗಿದ್ದರೆ ಕೇಳದೆಯೇ ತರುತ್ತಿದ್ದಳು. ಆ ಯೋಚನೆ ಮುಗಿಯುವ ಹೊತ್ತಿಗೆ ಮುಚ್ಚಳ ಮುಚ್ಚಿ, ತಿರುಪು ಬಿಗಿದು, ಎಲ್ಲ ಆಗಿತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದು ಪೆಟ್ಟಿಗೆಯನ್ನು ನಿಧಾನವಾಗಿ ನೋಡಿದ. ಗೀರಿಲ್ಲ, ಕೊಳೆಯಿಲ್ಲ, ಬೆರಳಿನ ಗುರುತಿಲ್ಲ. ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ.

ಕಚೇರಿಗೆ ಹೋಗಿ ಒಳ್ಳೆಯ ಟ್ರಿಪ್ಪರನ್ನು ಮೂಲೆಯ ಡಬ್ಬಿಗೆ ಹಾಕಿದ. ಕೆಟ್ಟದ್ದೊಂದು ಹೋಗಿ ಒಳ್ಳೆಯದೊಂದು ಬಂತು, ಡಬ್ಬಿಗೆ ಲಾಭವೇ. ಮನೆಗೆ ಬಂದು ಬಟ್ಟೆ ಬದಲಿಸುವಾಗ ಪೆನ್ನಿನ ಮುಚ್ಚಳ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತು. ಬೆಳಿಗ್ಗೆ ಎಷ್ಟು ಪೆಟ್ಟಿಗೆ ಮುಚ್ಚಿದ್ದನೋ, ಅದು ಯಾವಾಗ ಜೇಬು ಸೇರಿತೋ. ಪೆನ್ನಿಗೆ ಸಿಕ್ಕಿಸಿ ಚೀಲ ಕಟ್ಟಿಟ್ಟ. ಮಹಡಿಯಿಂದ ಪುಟ್ಟಿ ಕರೆದಳು.

“ಮಾಮ, ಲೈಟ್ ಹಾಕ್ತೀಯಾ?”

“ಬಂದೆ ಪುಟ್ಟಿ.”

ಶನಿವಾರ ಏನೂ ಆಗಲಿಲ್ಲ. ಏನಾದರೂ ಆಗುತ್ತದೆಂದು ಅವನು ಅಂದುಕೊಂಡೂ ಇರಲಿಲ್ಲ. ಒಣ ನೆಲ, ಕಾಲಲ್ಲಿ ಚಪ್ಪಲಿ. ಈಜುಡುಗೆ ತಂದ. ಹನ್ನೆರಡರ ಅಳತೆಯೇ ಸರಿಹೋಯಿತು.

ಭಾನುವಾರ ಬೆಳಿಗ್ಗೆ ಈಜುಕೊಳದ ಅಂಚಿನ ಬೆಂಚಿನಲ್ಲಿ, ಹೆಗಲ ಮೇಲೆ ಟವಲ್ ಹಾಕಿಕೊಂಡು ಬೇರೆ ಮಕ್ಕಳ ತಾಯಂದಿರ ನಡುವೆ ಅವನು ಕೂತಿದ್ದ. ಪುಟ್ಟಿ ನೀರಿನಿಂದ ತಲೆ ಎತ್ತಿದಾಗೆಲ್ಲ ಮಾಮ ನೋಡುತ್ತಿದ್ದಾನೆಯೇ ಎಂದು ನೋಡುತ್ತಿದ್ದಳು. ಅವನು ಕೈ ಬೀಸುತ್ತಿದ್ದ. ಫೋನ್ ಬಂತು. ದೊಡ್ಡ ಸಾಹೇಬರು.

“ರಜೆ ದಿನ ತೊಂದ್ರೆ ಕೊಡ್ತಿದೀನಿ. ನಿಮ್ಮ ಏರಿಯಾದಲ್ಲೇ ಒಂದು ಅನಾಹುತ ಆಗಿದೆ. ಯಾರು ಅಂತ ಕೇಳಿದ್ರೆ ನಿಮಗೆ... ಆ ಕಂಟ್ರಾಕ್ಟರ್ ಕಣ್ರೀ. ಕಾರ್ ತೊಳೀತಿದ್ನಂತೆ. ಹೋಗಿಬಿಟ್ಟ.”

“ಹೌದಾ ಸಾರ್.”

“ನಿಮಗೆ ಕಷ್ಟ ಆಗೋದಾದ್ರೆ ಬೇರೆಯವರನ್ನ ಕಳಿಸ್ತೀನಿ.”

ಈ ಮಾತು ಬರಬಹುದೆಂದು ಅವನು ಮೊದಲೇ ಯೋಚಿಸಿದ್ದ. ಒಲ್ಲೆನೆಂದರೂ ಒಂದು ಅರ್ಥ, ಹಟ ಹಿಡಿದರೂ ಒಂದು ಅರ್ಥ. “ಹೋಗ್ತೀನಿ ಸಾರ್. ಜೊತೆಗೆ ನೀಲಿ ಮೇಡಂ ಬರಲಿ, ನಾಳೆ ಯಾರೂ ಮಾತಾಡೋ ಹಾಗಾಗಬಾರದು” ಎಂದ. ಸಾಹೇಬರಿಗೆ ಅದು ಬಹಳ ಹಿಡಿಸಿತು. ಪಕ್ಕದ ಬೆಂಚಿನ ತಾಯಿಗೆ ಪುಟ್ಟಿಯನ್ನು ನೋಡಿಕೊಳ್ಳಲು ಹೇಳಿ, ನೀರಿನಂಚಿಗೆ ಹೋಗಿ ಬಗ್ಗಿದ.

“ಪುಟ್ಟಿ, ಆಫೀಸಿನ ಕೆಲಸ. ಬೇಗ ಬಂದ್ಬಿಡ್ತೀನಿ. ಬಟ್ಟೆ ಬದಲಾಯಿಸಿ ಇಲ್ಲೇ ಕೂತಿರು.”

“ಬೇಗ ಅಂದ್ರೆ?”

“ನಿನ್ನ ತಲೆ ಒಣಗೋದ್ರೊಳಗೆ.”

ಕಂಟ್ರಾಕ್ಟರನ ಮನೆಯ ಮುಂದೆ ಚಪ್ಪಲಿಗಳು ಸೇರಿದ್ದವು. ದೇಹವನ್ನು ಆಸ್ಪತ್ರೆಗೆ ಒಯ್ದಾಗಿತ್ತು. ಕಾರು ಅರ್ಧ ತೊಳೆದು ನಿಂತಿತ್ತು, ಬಾನೆಟ್ಟಿನ ಮೇಲೆ ಸೋಪಿನ ನೊರೆ ಒಣಗಿ ಬಿಳಿ ಮಚ್ಚೆಗಳಾಗಿದ್ದವು. ಒಳಗಿನಿಂದ ಹೆಂಡತಿಯ ಅಳು ಕೇಳುತ್ತಿತ್ತು. ಅವನು ತನ್ನೊಳಗೆ ಏನಾದರೂ ಅಲ್ಲಾಡುತ್ತದೆಯೇ ಎಂದು ಕಾದ. ತೃಪ್ತಿ ಬರಬೇಕಿತ್ತು, ಇಲ್ಲ ಭಯ. ಮೂಲೆಯಲ್ಲಿ ಬಿದ್ದಿದ್ದ ಪೈಪಿನಿಂದ ನೀರು ಇನ್ನೂ ಸಣ್ಣಗೆ ಹರಿಯುತ್ತಿತ್ತು, ಅವನು ಹೋಗಿ ನಲ್ಲಿ ನಿಲ್ಲಿಸಿದ. ಅಷ್ಟೇ.

ಪೊಲೀಸ್ ಅಧಿಕಾರಿ ಅವಸರದಲ್ಲಿದ್ದ. ಮೀಟರಿನ ಹತ್ತಿರ ಲೈನ್ ಕಡಿದಿದೆಯೆಂದು ಖಾತ್ರಿ ಮಾಡಿಕೊಂಡು ಮೂವರೂ ಪೆಟ್ಟಿಗೆಯ ಮುಂದೆ ನಿಂತರು.

“ಇದನ್ನ ನಿಮ್ಮ ಆಫೀಸಿನವರು ಯಾವಾಗ ನೋಡಿದ್ರು?”

“ನೋಡೇ ಇಲ್ಲ ಸಾರ್” ಎಂದ ಅವನು. ಈ ವಾಕ್ಯವನ್ನು ಎಷ್ಟೋ ದಿನದಿಂದ ತಲೆಯಲ್ಲಿ ಇಟ್ಟುಕೊಂಡಿದ್ದ, ಅದು ಸಲೀಸಾಗಿ ಬಂತು. “ಅರ್ಜಿಯನ್ನೇ ಹಾಕಿಲ್ಲ. ಅನುಮತಿ ಇಲ್ಲದ ಚಾರ್ಜರ್ ಇದು. ನಮ್ಮವರು ಯಾರೂ ಈ ಗೇಟಿನ ಒಳಗೆ ಕಾಲಿಟ್ಟಿಲ್ಲ.”

“ನೀವು?”

“ಇವತ್ತೇ ಮೊದಲು.”

“ಮೇಡಂ, ನೀವು?”

“ಇದು ಇವರ ಭಾಗ. ನಾನು ಈ ರಸ್ತೆಗೇ ಬಂದಿಲ್ಲ” ಎಂದಳು ನೀಲಿ ಮೇಡಂ.

ಅಧಿಕಾರಿ ಇಬ್ಬರ ಮಾತನ್ನೂ ಬರೆದುಕೊಂಡ. “ಊರಿಗೆಲ್ಲ ಹಾಕೋನು ತನ್ನ ಮನೇದು ಹೀಗೆ ಇಟ್ಕೊಂಡಿದ್ನಾ” ಎಂದು ತಲೆ ಕೊಡವಿದ. “ಸರಿ, ಬಿಚ್ಚಿ ನೋಡಿ. ಬೇಗ ಮುಗಿಸೋಣ.” ಎಲ್ಲ ಅಂದುಕೊಂಡ ಹಾಗೇ ನಡೆಯುತ್ತಿತ್ತು. ಪುಟ್ಟಿಯ ತಲೆ ಇನ್ನೂ ಒದ್ದೆಯಾಗಿಯೇ ಇರುತ್ತದೆ, ಈಗ ಹೊರಟರೂ ಮಾತು ಉಳಿಸಿಕೊಳ್ಳಬಹುದು ಎಂದುಕೊಂಡು ಅವನು ಚೀಲದಿಂದ ಸ್ಕ್ರೂಡ್ರೈವರ್ ತೆಗೆದ. ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದ ಪೆನ್ನು ಅಂಗೈಗೆ ಒತ್ತಿತು.

“ಒಂದು ನಿಮಿಷ” ಎಂದಳು ನೀಲಿ ಮೇಡಂ. ಅವಳು ಏನನ್ನೂ ಸಂಶಯಪಟ್ಟಿರಲಿಲ್ಲ. ಯಾವ ಪೆಟ್ಟಿಗೆಯನ್ನೇ ಆಗಲಿ ಬಿಚ್ಚುವ ಮುಂಚೆ ಟಾರ್ಚ್ ಬಿಟ್ಟು ನೋಡುವುದು ಅವಳ ಕೈಯ ಚಾಳಿ, ಅಷ್ಟೇ. ನೇರಳೆ ಬೆಳಕು ಮುಚ್ಚಳದ ಮೇಲೆ ಬಿತ್ತು. ನಾಲ್ಕು ಮೂಲೆಯ ನಾಲ್ಕು ತಿರುಪುಗಳ ಮೇಲೆ ನಾಲ್ಕು ಹಳದಿ ಗೆರೆಗಳು ಹೊಳೆದವು. ಒಂದೂ ತುಂಡಾಗಿರಲಿಲ್ಲ. ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಓರೆಯಾಗಿ ಏರಿದ್ದವು, ಪ್ರತಿಯೊಂದರ ಕೊನೆಯಲ್ಲೂ ಒಂದು ಚುಕ್ಕೆ ಇತ್ತು.